ಮುಚ್ಚಿದ ಕೋಣೆಯಲ್ಲಿ ಲೆಟ್ಯೂಸ್ ಬೆಳೆಯೋಕೆ ಒಂದೂವರೆ ಟನ್ ಎಸಿ ಸಾಕಾ?

ಬೆಂಗಳೂರಲ್ಲಿ 10x12 ಅಡಿ ಕೋಣೆ, ಹತ್ತಡಿ ಎತ್ತರ, 3000 ವಾಟ್ ಎಲ್‌ಇಡಿ, ಹೊರಗಿನ ಗಾಳಿ ಸ್ವಲ್ಪವೂ ಬರದ ಹಾಗೆ ಮುಚ್ಚಿ ಲೆಟ್ಯೂಸ್ ಬೆಳೆಯಬೇಕು, 1.5 ಟನ್ ಎಸಿ ಸಾಕಾ ಅಂತ ಕೇಳಿದ್ದೀರಿ. ತಂಪು ಮಾಡೋಕೆ ಸಾಕು. ಆದರೆ ಇಂಥ ಕೋಣೆಗಳಿಗೆ ಎಸಿ, ವೈರಿಂಗ್ ಪ್ಲಾನ್ ಮಾಡಿಕೊಡುವವನಾಗಿ ಹೇಳುತ್ತೇನೆ, ನಿಮಗೆ ಕಾಟ ಕೊಡುವುದು ಬಿಸಿ ಅಲ್ಲ, ತೇವ. ಅದೂ ದೀಪ ಆರಿದ ಮೇಲೆ.

ಬಿಸಿಯ ಲೆಕ್ಕ ಬೇಗ ಮುಗಿಸೋಣ. ಮುಚ್ಚಿದ ಕೋಣೆಯೊಳಗೆ ಉರಿದ ಕರೆಂಟ್ ಹೆಚ್ಚುಕಮ್ಮಿ ಎಲ್ಲಾ ಬಿಸಿಯೇ ಆಗುತ್ತದೆ. ಎಲ್‌ಇಡಿ ಬಿಸಿಯಾಗಲ್ಲ ಅನ್ನೋದೆಲ್ಲ ಅಂಗಡಿ ಮಾತು. ಎಲೆ ಮೇಲೆ ಬಿದ್ದ ಬೆಳಕೂ ಕೊನೆಗೆ ಬಿಸಿಯೇ. ದೀಪ 3000 ವಾಟ್, ಫ್ಯಾನು ಪಂಪು ಸೇರಿ 250, ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಒಂದು 400 ಅಂದುಕೊಳ್ಳಿ. 3650 ವಾಟ್ ಆಯ್ತು. ಒಂದು ಟನ್ ಅಂದರೆ ಸುಮಾರು 3500 ವಾಟ್ ಬಿಸಿಯನ್ನ ಹೊರಗೆ ಹಾಕುವ ಶಕ್ತಿ. ಗೋಡೆಗೆ ಪಫ್ ಪ್ಯಾನೆಲ್ (ಬಿಸಿ ದಾಟದ ಹಾಗೆ ಒಳಗೆ ಫೋಮ್ ತುಂಬಿದ ಹಲಗೆ) ಹಾಕಿದ್ದರೆ 1.5 ಟನ್‌ನಲ್ಲಿ ಇನ್ನೂ ಸ್ವಲ್ಪ ಮಿಗುತ್ತದೆ. ಆದರೂ ನಾನಾದರೆ ಒಂದೊಂದು ಟನ್‌ನ ಎರಡು ಎಸಿ ಹಾಕುತ್ತೇನೆ. ಒಂದು ಕೆಟ್ಟರೂ ಅರ್ಧ ದೀಪ ಉರಿಸಬಹುದು. ಇಷ್ಟು ಚಿಕ್ಕ ಕೋಣೆ 3000 ವಾಟ್‌ಗೆ ಎಷ್ಟು ಬೇಗ ಕಾಯುತ್ತದೆ ಅಂತ ಒಂದ್ಸಲ ನೋಡಿದರೆ ಗೊತ್ತಾಗುತ್ತದೆ, ಹಾಗಾಗಿ 30 ಡಿಗ್ರಿ ದಾಟಿದರೆ ದೀಪ ತಾನಾಗೇ ಆರುವ ಹಾಗೆ ಥರ್ಮೋಸ್ಟಾಟ್, ಅದು ಹೇಳಿದಾಗ ಕರೆಂಟ್ ಕಡಿಯುವ ಸ್ವಿಚ್ಚು ಕಾಂಟ್ಯಾಕ್ಟರ್ ಹಾಕಿಸಿ. ದೊಡ್ಡ ಖರ್ಚೇನಲ್ಲ.

ಈಗ ನೀರಿಗೆ ಬನ್ನಿ. ಅಷ್ಟು ಬೆಳಕಿನ ಕೆಳಗೆ ರ್ಯಾಕ್ ತುಂಬ ಬೆಳೆದ ಲೆಟ್ಯೂಸ್ ಇದ್ದರೆ ದಿನಕ್ಕೆ 25 ಲೀಟರ್ ಆಸುಪಾಸು ನೀರು ಎಳೆಯುತ್ತದೆ. ಗಿಡ ಅದರಲ್ಲಿ ಇಟ್ಟುಕೊಳ್ಳುವುದು ಚೂರೇ ಚೂರು. ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ನಿಮ್ಮ ಕೋಣೆಯ ಗಾಳಿಗೇ ಬರುತ್ತದೆ, ಹೊರಗೆ ಹೋಗೋಕೆ ದಾರಿಯೇ ಇಲ್ಲವಲ್ಲ. ಆ ಗಾಳಿ ಎಷ್ಟು ಹಿಡಿಯುತ್ತದೆ? 22 ಡಿಗ್ರಿಯಲ್ಲಿ ಇಡೀ ಕೋಣೆಯ ಗಾಳಿ ಪೂರ್ತಿ ತುಂಬಿದರೂ ಸುಮಾರು 650 ಮಿಲಿ ನೀರು, ಅಷ್ಟೇ. ತೇವಾಂಶ ಈಗಾಗಲೇ 65 ಪರ್ಸೆಂಟ್ ಇದ್ದರೆ ಇನ್ನು ಜಾಗ ಇರುವುದು ಒಂದು ಲೋಟ ನೀರಿಗೆ. ಹಗಲಲ್ಲಿ ಗಿಡಗಳು ಆ ಲೋಟವನ್ನ ಹತ್ತೇ ನಿಮಿಷದಲ್ಲಿ ತುಂಬಿಸಿಬಿಡುತ್ತವೆ.

ದೀಪ ಉರಿಯುವಾಗ ಇದು ಕಾಣಿಸಲ್ಲ. ಎಸಿ ಓಡ್ತಾ ಇರುತ್ತದೆ, ಅದರೊಳಗಿನ ಕೊಳವೆ ಸುರುಳಿ, ಅಂದರೆ ಕಾಯಿಲ್, ತಣ್ಣಗಿರುತ್ತದೆ, ಆವಿ ಅದರ ಮೇಲೆ ನೀರಾಗಿ ಡ್ರೈನ್ ಪೈಪಲ್ಲಿ ಹೋಗುತ್ತದೆ. ದೀಪ ಆರಿತು ಅಂದುಕೊಳ್ಳಿ. ಕೋಣೆ ತಣ್ಣಗಾಯಿತು ಅಂತ ಎಸಿ ಕಂಪ್ರೆಸರ್ ನಿಲ್ಲಿಸುತ್ತದೆ, ಇನ್ವರ್ಟರ್ ಎಸಿ ಆದರೆ ತೀರಾ ನಿಧಾನ ಮಾಡುತ್ತದೆ. ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲೆ ಉಳಿದ ನೀರನ್ನೂ ವಾಪಸ್ ಕೋಣೆಗೇ ಊದುತ್ತದೆ. ಗಿಡಗಳು ರಾತ್ರಿ ಕಡಿಮೆ ಆವಿ ಬಿಡುತ್ತವೆ ನಿಜ, ಆದರೆ ಪೂರ್ತಿ ನಿಲ್ಲಿಸಲ್ಲ. ನೋಡ್ತಾ ನೋಡ್ತಾ ತೇವಾಂಶದ ಮೀಟರ್ 90 ಪರ್ಸೆಂಟ್ ದಾಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಪ್ಯಾನೆಲ್ ಹಾಕದ ಹೊರಗೋಡೆ ಇದ್ದರೆ ಅದರ ಮೇಲೆ ನೀರು ಹನಿಯಾಗಿ ಇಳಿಯುತ್ತದೆ, ಮೂಲೆಯಲ್ಲಿ ಬೂಷ್ಟು.

ಗಿಡದಲ್ಲಿ ಇದರ ಗುರುತು ಬೇರೆ ಥರ. ಎಲೆಗಳನ್ನ ಬಿಡಿಸಿ ಒಳಗಿನ ಎಳೇ ಎಲೆ ನೋಡಿ, ಅಂಚು ಬೆಂಕಿ ತಾಗಿದ ಹಾಗೆ ಕಂದಾಗಿರುತ್ತದೆ. ಟಿಪ್ ಬರ್ನ್ ಅಂತಾರೆ. ಎಲ್ಲರೂ ತಕ್ಷಣ ಕ್ಯಾಲ್ಸಿಯಂ ಸುರಿಯುತ್ತಾರೆ. ನೀರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ ಕಣ್ರೀ, ಎಲೆಯಿಂದ ಆವಿ ಹೋಗದಿದ್ದರೆ ಅದು ಎಳೇ ಎಲೆವರೆಗೆ ಏರುವುದಾದರೂ ಹೇಗೆ? ಪ್ರತಿ ಹಲಗೆಯಲ್ಲೂ ಚಿಕ್ಕ ಫ್ಯಾನ್ ಇಟ್ಟು ಗಿಡದ ಸುಳಿಗೆ ಗಾಳಿ ಬೀಳುವ ಹಾಗೆ ಮಾಡಿ. ಎಲೆ ಮೆಲ್ಲಗೆ ಅಲ್ಲಾಡಬೇಕು, ಬಡಿದಾಡಬಾರದು.

ಡಿಹ್ಯೂಮಿಡಿಫೈಯರ್ ಬೇಕೇ ಬೇಕು, ಆದರೆ ಅದಕ್ಕೂ ಮೊದಲು ಕಾಸಿಲ್ಲದ ಒಂದು ಉಪಾಯ ಇದೆ. ರ್ಯಾಕ್‌ಗಳನ್ನ ಎರಡು ಪಾಳಿ ಮಾಡಿ. ದಿನಕ್ಕೆ 16 ಗಂಟೆ ಬೆಳಕು ಅಲ್ವಾ? ಒಂದು ಗುಂಪಿಗೆ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಕತ್ತಲೆ, ಇನ್ನೊಂದಕ್ಕೆ 2ರಿಂದ ರಾತ್ರಿ 10. ಮಧ್ಯೆ ಕಪ್ಪು ಪರದೆ ಹಾಕಿ. ಅರ್ಧ ದೀಪವಾದರೂ ಯಾವಾಗಲೂ ಉರಿಯುತ್ತಿರುತ್ತದೆ, ಎಸಿ ಸುಮ್ನೆ ಕೂರುವ ಹೊತ್ತೇ ಬರಲ್ಲ, ಪೂರ್ತಿ ಲೋಡ್ ಬೀಳುವುದೂ ಹೊರಗೆ ತಂಪಿರುವ ರಾತ್ರಿಯಲ್ಲೇ. ಎಸಿ ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು, ಡಿಹ್ಯೂಮಿಡಿಫೈಯರ್ ನೀರನ್ನೂ ಅದಕ್ಕೇ ಸೇರಿಸಿ, ದಿನಾ ಎಷ್ಟು ಲೀಟರ್ ಬಂತು ಅಂತ ಬರೆದಿಡಿ. ನೀವು ಹಾಕಿದ ನೀರಿಗೂ ಬಕೆಟ್ಟಿನ ನೀರಿಗೂ ತುಂಬ ವ್ಯತ್ಯಾಸ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಕಾರ್ಬನ್ ಡೈ ಆಕ್ಸೈಡ್ ಮರೆಯಬೇಡಿ. ಹೊರಗಿನ ಗಾಳಿಯಲ್ಲಿ 400 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಚಿಲ್ಲರೆ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಗಿಡಗಳು ಅದನ್ನ ಒಂದು ಗಂಟೆಯೊಳಗೇ ಅರ್ಧಕ್ಕೆ ಇಳಿಸಬಲ್ಲವು, ಆಮೇಲೆ ನೀವು ಎಷ್ಟು ದೀಪ ಉರಿಸಿದರೂ ದಂಡ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಟ್ಟು 800ರಿಂದ 1000 ಪಿಪಿಎಂಗೆ ನಿಲ್ಲಿಸಿ. ಸಿಲಿಂಡರ್ ಕೋಣೆಯ ಹೊರಗೇ ಇರಲಿ, ದೀಪ ಆರಿದಾಗ ವಾಲ್ವ್ ಮುಚ್ಚಲಿ (ಎರಡು ಪಾಳಿ ಮಾಡಿದರೆ ಕಾರ್ಬನ್ ಡೈ ಆಕ್ಸೈಡ್ ಮೀಟರ್ ನೋಡಿಕೊಂಡೇ ಗ್ಯಾಸ್ ಬಿಡಬೇಕು), ಮತ್ತೆ ಕೂಗುವ ಅಲಾರಂ ಒಂದು ಪ್ರತ್ಯೇಕವಾಗಿ ಬೇಕು. ಕೆಲಸ ಮಾಡುವ ಜಾಗಕ್ಕೆ ಎಂಟು ಗಂಟೆಯ ಮಿತಿ 5000 ಪಿಪಿಎಂ, ವಾಲ್ವ್ ಕಚ್ಚಿಕೊಂಡರೆ ಇಷ್ಟು ಚಿಕ್ಕ ಕೋಣೆ ಅಲ್ಲಿಗೆ ಹೋಗೋಕೆ ಹೊತ್ತು ಬೇಕಿಲ್ಲ.

ಎಲ್ಲ ಸೇರಿ ದಿನಕ್ಕೆ 70 ಯೂನಿಟ್ ಮೇಲೆ ಕರೆಂಟ್ ಹೋಗುತ್ತದೆ. ಪ್ಯಾನೆಲ್ ಆರ್ಡರ್ ಮಾಡುವ ಮೊದಲು ನಿಮ್ಮ ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ.