ಹೊಸ ಲ್ಯಾಪ್‌ಟಾಪ್ ಇರಲಿ, ಮೊದಲು ಮೇಲ್ ಐಡಿ ಯಾರದ್ದು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಕೊನೆ ಸೆಮಿಸ್ಟರ್‌ನವರದ್ದೇ ಜಾಸ್ತಿ. ಅದರಲ್ಲೂ ಹುಬ್ಬಳ್ಳಿ-ಧಾರವಾಡದ ಕಡೆಯವರು. ಬಹಳಷ್ಟು ಜನ ಕೇಳಿರುವುದು ಯಾವ ಲ್ಯಾಪ್‌ಟಾಪ್ ತಗೊಳ್ಳಲಿ, ಯಾವ ಫೋನ್ ತಗೊಳ್ಳಲಿ ಅಂತ. ಆದರೆ ಪತ್ರ ಪೂರ್ತಿ ಓದಿದರೆ ತೊಂದರೆ ಬೇರೆ ಕಡೆ ಇದೆ. ಹಾಗಾಗಿ ಕೆಲವರಿಗೆ ಕೇಳಿದ್ದು ಒಂದಾದರೆ ಉತ್ತರ ಇನ್ನೊಂದು ಸಿಗಬಹುದು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನ್ನ ಪ್ರಬಂಧವನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇನೆ. ನೂರು ಪುಟದ ಮೇಲಾಗಿದೆ. ರೂಮಿನಲ್ಲಿ ಸರಿಯಾಗಿ ಕಾಣುತ್ತೆ. ಪ್ರಿಂಟ್ ಅಂಗಡಿಗೆ ಪೆನ್‌ಡ್ರೈವ್ ಒಯ್ದರೆ ಪೂರ್ತಿ ಇಂಗ್ಲಿಷ್ ಅಕ್ಷರ! "ನಿಮ್ಮ ಫೈಲ್ ಕೆಟ್ಟೈತ್ರಿ ಅಕ್ಕಾರ" ಅಂದುಬಿಟ್ಟ ಅಂಗಡಿ ಹುಡುಗ. ಗೈಡ್ ಮೊಬೈಲ್‌ನಲ್ಲೂ ಹಾಗೇ ಕಾಣಿಸಿತಂತೆ. ಲ್ಯಾಪ್‌ಟಾಪ್ ಹಳೇದು, ಹೊಸದು ತಗೋಬೇಕಾ?
– ಕನ್ನಡ ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ ತಂಗಿ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಅಂಗಡಿಯ ಕಂಪ್ಯೂಟರ್‌ನಲ್ಲಿ ನುಡಿ ಫಾಂಟ್ ಇಲ್ಲ, ಅಷ್ಟೇ.

ಹಳೇ ನುಡಿ ಫಾಂಟ್‌ಗಳು ಕನ್ನಡ ಅಕ್ಷರವನ್ನು ಕನ್ನಡ ಅಂತ ಉಳಿಸಿಡುವುದಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಫಾಂಟ್ ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಒಳಗಿದ್ದದ್ದು ಹೊರಗೆ. ನೀವು "ಕನ್ನಡ" ಅಂತ ಬರೆದ ಕಡೆ ಅಂಗಡಿಯಲ್ಲಿ ಮೊದಲು ಇಂಗ್ಲಿಷಿನ ದೊಡ್ಡ ಪಿ, ನಡುವೆ ಒಂದು ಪೌಂಡ್ ಚಿಹ್ನೆ, ಕೊನೆ ಕಡೆ ಸಣ್ಣ ಕ್ಯೂ, ಅಲ್ಲಲ್ಲಿ ತಲೆ ಮೇಲೆ ಗೆರೆ ಇರುವ ಎ ಕಂಡಿರಬೇಕು, ನೋಡಿ. ಹಾಗಿದ್ದರೆ ಫೈಲ್ ಸುರಕ್ಷಿತವಾಗಿದೆ.

ನಾಳೆಯೇ ಪ್ರಿಂಟ್ ಬೇಕಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪಿಡಿಎಫ್ ಆಗಿ ಸೇವ್ ಮಾಡಿ. ಸಾಮಾನ್ಯವಾಗಿ ಫಾಂಟ್ ಕೂಡ ಪಿಡಿಎಫ್ ಒಳಗೆ ಹೋಗುತ್ತೆ. ಅಂಗಡಿಗೆ ಹೋಗುವ ಮುಂಚೆ ಆ ಪಿಡಿಎಫ್ ಅನ್ನು ನಿಮ್ಮ ಫೋನಿಗೆ ಕಳಿಸಿಕೊಂಡು ತೆರೆದು ನೋಡಿ. ಫೋನಿನಲ್ಲಿ ನುಡಿ ಇಲ್ವಲ್ಲ, ಅಲ್ಲಿ ಕನ್ನಡ ಸರಿಯಾಗಿ ಬಂದರೆ ಅಂಗಡಿಯಲ್ಲೂ ಬರುತ್ತೆ. ಗೈಡ್‌ಗೂ ಇದನ್ನೇ ಕಳಿಸಿ.

ಇದು ಸದ್ಯದ ಉಪಾಯ. ಪೂರ್ತಿ ಪರಿಹಾರ ಬೇಕಂದರೆ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಂತಲೇ ಉಳಿಸಿಡುವ ಪದ್ಧತಿಗೆ ಬದಲಾಯಿಸಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ನಮ್ಮ ಕಡೆ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೇ ಫಾಂಟೇ ನಡೀತಿದೆ, ಮಕ್ಕಳು ಪ್ರತಿ ವರ್ಷ ಇದೇ ಗೋಳು ಅನುಭವಿಸ್ತಾರೆ, ಯಾರೂ ಮೊದಲ ಸೆಮಿಸ್ಟರ್‌ನಲ್ಲೇ ಇದನ್ನು ಹೇಳಿಕೊಡಲ್ಲ ಅನ್ನೋದು ನನ್ನ ಸಿಟ್ಟು. ನುಡಿಯ ಹೊಸ ಆವೃತ್ತಿಯಲ್ಲೇ ಪರಿವರ್ತಕ ಇದೆ. ಪುಕ್ಕಟೆ ಪರಿವರ್ತಕಗಳು ಅಂತರ್ಜಾಲದಲ್ಲೂ ಸಿಗುತ್ತವೆ. ಮೂಲ ಫೈಲ್ ಮುಟ್ಟಬೇಡಿ, ಒಂದು ಕಾಪಿ ಮಾಡಿ ಅದನ್ನು ಬದಲಾಯಿಸಿ.

ಬದಲಾಯಿಸಿದ ಮೇಲೆ ಕೂತು ಓದಲೇಬೇಕು. ಅರ್ಕಾವೊತ್ತು ಬಂದ ಕಡೆ, ಎರಡೆರಡು ಒತ್ತಕ್ಷರ ಇರುವ ಕಡೆ ತಪ್ಪಾಗಿರಬಹುದು. ನೀವು ನಡುನಡುವೆ ಇಂಗ್ಲಿಷ್ ಪದ ಬಳಸಿದ್ದರೆ ಪರಿವರ್ತಕ ಅದನ್ನೂ ನುಡಿ ಅಂತ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಟ್ಟಿರುತ್ತೆ. ಫಾಂಟ್ ಅಗಲ ಬೇರೆಯಾಗುವುದರಿಂದ ಪುಟಗಳೂ ಹಿಂದೆ ಮುಂದೆ ಆಗುತ್ತವೆ, ಪರಿವಿಡಿಯ ಪುಟಸಂಖ್ಯೆ ಮತ್ತೆ ನೋಡಿ. ಇಷ್ಟು ಕಷ್ಟ ಯಾಕೆ ಅಂದರೆ, ನಾಳೆ ಇದೇ ಪ್ರಬಂಧದ ಒಂದು ಅಧ್ಯಾಯವನ್ನು ಪತ್ರಿಕೆಗೆ ಕಳಿಸಬೇಕು, ಪಿಎಚ್.ಡಿ.ಗೆ ಬಳಸಬೇಕು ಅಂದಾಗ ಹುಡುಕಲು, ಕಾಪಿ ಮಾಡಲು ಬರುವುದು ಯೂನಿಕೋಡ್‌ನಲ್ಲಿದ್ದರೆ ಮಾತ್ರ. ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ನುಡಿಯಲ್ಲಿ ನೀವು ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಯೂನಿಕೋಡ್‌ನಲ್ಲೂ ನಡೆಯುತ್ತೆ. ಫಾಂಟ್‌ಗೆ ವಿಂಡೋಸ್ ಜೊತೆ ಬರುವ ನಿರ್ಮಲಾ ಇದೆ, ಗೂಗಲ್‌ನ ನೋಟೊ ಪುಕ್ಕಟೆ ಸಿಗುತ್ತೆ.

ಪ್ರಶ್ನೆ: ಇಂಜಿನಿಯರಿಂಗ್ ಕೊನೆ ವರ್ಷ. ಲ್ಯಾಪ್‌ಟಾಪ್ ನಮ್ಮಣ್ಣ ಓದುವಾಗ ತಗೊಂಡಿದ್ದು. ಆನ್ ಮಾಡಿ ಚಹಾ ಕುಡಿದು ಬಂದರೂ ಪೂರ್ತಿ ಓಪನ್ ಆಗಿರಲ್ಲ. ಬ್ಯಾಟರಿ ಅರ್ಧ ಗಂಟೆ. ಪ್ರಾಜೆಕ್ಟ್ ಡೆಮೋ ಹತ್ತಿರ ಬಂತು. ಮನೇಲಿ ಹೊಸದು ಕೇಳೋಕೆ ಮನಸ್ಸಿಲ್ಲ, ಏನ್ ಮಾಡ್ಲಿ ಸರ್?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೇಳಬೇಡಿ, ಬಹುಶಃ ಬೇಕಾಗಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಏನೂ ಕೆಲಸ ಮಾಡದೇ ಸುಮ್ನೆ ಇದ್ದಾಗಲೂ ಡಿಸ್ಕ್ ಅನ್ನುವ ಕಡೆ 100% ತೋರಿಸುತ್ತಾ ಕೂತಿದ್ದರೆ ನಿಮ್ಮದು ತಿರುಗುವ ಹಳೇ ಹಾರ್ಡ್ ಡಿಸ್ಕ್ ಇರಬೇಕು. ಅದನ್ನು ತೆಗೆಸಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕಿಸಿ. ಜೊತೆಗೆ ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ಹೊಸ ಲ್ಯಾಪ್‌ಟಾಪಿನ ಒಂದು ಸಣ್ಣ ಭಾಗದಷ್ಟು ದುಡ್ಡಲ್ಲಿ ಕೆಲಸ ಮುಗಿಯುತ್ತೆ. ಕೊಪ್ಪಿಕರ್ ರಸ್ತೆ ಕಡೆ ವಿಚಾರಿಸುವಾಗ ಲ್ಯಾಪ್‌ಟಾಪ್ ಹಿಂದಿರುವ ಮಾಡೆಲ್ ನಂಬರ್ ಫೋಟೊ ತಗೊಂಡು ಹೋಗಿ. ಯಾಕಂದರೆ ಎಸ್‌ಎಸ್‌ಡಿಯಲ್ಲೂ ಸಾಟಾ, ಎನ್‌ವಿಎಂಇ ಅಂತ ಬೇರೆ ಬೇರೆ ಇವೆ, ಎಲ್ಲವೂ ಎಲ್ಲದಕ್ಕೂ ಕೂರಲ್ಲ. ಒಂದೆರಡು ಅಂಗಡಿ ಕೇಳಿ. ಹಳೇ ಡಿಸ್ಕ್ ಅಲ್ಲೇ ಬಿಟ್ಟು ಬರಬೇಡಿ, ಅದರಲ್ಲಿ ನಿಮ್ಮಣ್ಣನ ಫೋಟೊಗಳೂ ಇರ್ತವೆ.

ಬ್ಯಾಟರಿ ವಿಷಯ. ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ಸಹಜ. ಬಿಸಿಲು, ಸೆಕೆ, ಯಾವಾಗಲೂ 100% ಚಾರ್ಜಿನಲ್ಲೇ ಇರುವುದು, ಈ ಮೂರೂ ಅದನ್ನು ಬೇಗ ಮುದಿ ಮಾಡುತ್ತವೆ. ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡುವವರೇ ಜಾಸ್ತಿ, ದುಪ್ಪಡಿ ಗಾಳಿ ಕಿಂಡಿಯನ್ನೇ ಮುಚ್ಚುತ್ತೆ. ಅರ್ಧ ಗಂಟೆ ಬರುತ್ತಿದ್ದರೆ ಡೆಮೋ ದಿನ ಚಾರ್ಜರ್ ಹಚ್ಚಿಕೊಂಡೇ ಮಾಡಿ, ಅವಸರ ಬೇಡ. ಆದರೆ ಒಂದು ನೋಡಿಕೊಳ್ಳಿ: ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗ್ತಿಲ್ವಾ, ಅಥವಾ ಸ್ವಲ್ಪ ಮೇಲೆ ಉಬ್ಬಿದೆಯಾ, ಮುಚ್ಚಳ ಸರಿಯಾಗಿ ಕೂರ್ತಿಲ್ವಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡುವುದನ್ನು ಇವತ್ತೇ ನಿಲ್ಲಿಸಿ, ಅಂಗಡಿಗೆ ಒಯ್ದು ತೆಗೆಸಿ. ಒತ್ತಿ ಚಪ್ಪಟೆ ಮಾಡುವ ಸಾಹಸ ಬೇಡ, ಬೆಂಕಿ ಹತ್ತುತ್ತೆ.

ಇನ್ನೊಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕಬೇಕಂದರೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ಐ5 ಸ್ಟಿಕ್ಕರ್ ನೋಡಿ ನಿರ್ಧಾರ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಐ5 ಆದಮೇಲೆ ಬರುವ ಸಂಖ್ಯೆ 8, 10, 11 ಅಂತ ಶುರುವಾದರೆ ಪರವಾಗಿಲ್ಲ, 5, 6 ಅಂತ ಇದ್ದರೆ ಕಷ್ಟ. ಕಷ್ಟ ಅಂತಾದರೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಇಂಜಿನಿಯರಿಂಗ್ ಓದುವವರಿಗೆ ಅದನ್ನು ಕಲಿತರೆ ನಷ್ಟ ಇಲ್ಲ. ಆದರೆ ಇದೆಲ್ಲ ಡೆಮೋ ಮುಗಿದ ಮೇಲೆ.

ಪ್ರಶ್ನೆ: ಮಗಳು ಬಿ.ಎ. ಕೊನೆ ವರ್ಷ. ಮುಗಿದ ಮೇಲೆ ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗಳಿಗೆ ಓದುತ್ತೇನೆ ಅಂತಾಳೆ. ಟ್ಯಾಬ್ ಬೇಕೇ ಬೇಕಂತೆ. ನಿಜವಾಗಿ ಬೇಕಾಗುತ್ತಾ? ನಾವು ಒಕ್ಕಲುತನದವರು.
– ರೋಣ, ಗದಗ ಜಿಲ್ಲೆ

ಉತ್ತರ: ಯಜಮಾನರೇ, ಟ್ಯಾಬ್ ಕೆಟ್ಟದ್ದಲ್ಲ. ನೋಟ್ಸ್ ಎಲ್ಲ ಟೆಲಿಗ್ರಾಂನಲ್ಲಿ ಪಿಡಿಎಫ್ ಆಗಿ ಬರ್ತವೆ, ಫೋನಿನ ಪರದೆಯಲ್ಲಿ ದಿನವಿಡೀ ಓದಿದರೆ ಕಣ್ಣು ಕೆಂಪಗಾಗುತ್ತೆ. ಆದರೆ ಮೊದಲ ಎರಡು ತಿಂಗಳು ಬೇಡ. ಪಿಜಿ ಬಾಡಿಗೆ, ಓದುವ ಕೋಣೆಯ ಫೀ, ಪುಸ್ತಕ, ಊಟ ಅಂತ ಖರ್ಚು ಎಷ್ಟು ಅಂತ ಗೊತ್ತಾಗಲಿ. ಅಲ್ಲಿಯವರೆಗೆ ಬೇಕಾದ ಪುಟಗಳ ಝೆರಾಕ್ಸ್ ಸಾಕು. ಕೊಡಿಸುವುದೇ ಆದರೆ ಸಿಮ್ ಹಾಕುವ ಟ್ಯಾಬ್ ಬೇಡ, ವೈಫೈ ಇರುವುದು ಸಾಕು, ಫೋನಿನ ಹಾಟ್‌ಸ್ಪಾಟ್ ಇದೆಯಲ್ಲ.

ಇದಕ್ಕಿಂತ ಮುಖ್ಯವಾದ ಒಂದು ಮಾತು ಮಗಳಿಗೆ ಹೇಳಿ. ಅರ್ಜಿ ಹಾಕಲು ಸೈಬರ್ ಸೆಂಟರ್‌ಗೆ ಹೋದಾಗ ಎಷ್ಟೋ ಮಕ್ಕಳು ಮೇಲ್ ಐಡಿ ಇಲ್ಲ ಅಂತ ಅಂಗಡಿಯವರ ಮೇಲ್, ಕೆಲವೊಮ್ಮೆ ಮೊಬೈಲ್ ನಂಬರ್ ಕೂಡ ಹಾಕಿಸಿಕೊಂಡು ಬರ್ತಾರೆ. ಪಾಸ್‌ವರ್ಡ್ ಅಂಗಡಿಯವರ ಡೈರಿಯಲ್ಲಿರುತ್ತೆ. ಮುಂದೆ ಹಾಲ್ ಟಿಕೆಟ್ ಬಿಟ್ಟಾಗ ಇವರು ಧಾರವಾಡದಲ್ಲಿ, ಡೈರಿ ಊರಲ್ಲಿ. ಅವಳ ಹೆಸರಲ್ಲೇ ಒಂದು ಮೇಲ್, ಅವಳದೇ ನಂಬರ್, ಪಾಸ್‌ವರ್ಡ್ ಅವಳೇ ಟೈಪ್ ಮಾಡಬೇಕು. ಫೋಟೊ, ಸಹಿ ಸ್ಕ್ಯಾನ್ ಮಾಡಿಸಿದ್ದನ್ನು ಆ ಮೇಲ್‌ಗೇ ಕಳಿಸಿಕೊಂಡರೆ ಪ್ರತಿ ಅರ್ಜಿಗೂ ಮತ್ತೆ ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಕಾಲೇಜಿನಿಂದ ಕೊಟ್ಟ ಮೇಲ್ ಐಡಿ ಕೋರ್ಸ್ ಮುಗಿದ ಮೇಲೆ ಬಂದ್ ಮಾಡ್ತಾರಂತೆ, ಹೌದಾ? ನನ್ನ ಇಂಟರ್ನ್‌ಶಿಪ್ ಪತ್ರ, ಪ್ರಾಜೆಕ್ಟ್ ಎಲ್ಲ ಅದರ ಡ್ರೈವ್‌ನಲ್ಲೇ ಇದೆ.
– ರಾಣೆಬೆನ್ನೂರು

ಉತ್ತರ: ಬಹಳಷ್ಟು ಕಡೆ ಮಾಡ್ತಾರೆ, ಯಾವಾಗ ಅಂತ ನಿಮ್ಮ ಆಫೀಸಿನಲ್ಲಿ ಕೇಳಿ. ಕೇಳಿದ ಮೇಲೂ ಅವರ ಮಾತು ನಂಬಿ ಕೂರಬೇಡಿ, ಈ ವಾರವೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲೊಂದು, ನಿಮ್ಮ ಸ್ವಂತ ಖಾತೆಯಲ್ಲೊಂದು ಇಡಿ. ಕಾಲೇಜು ಡ್ರೈವ್‌ನಿಂದ ಸ್ವಂತ ಮೇಲ್‌ಗೆ ಬರೀ ಶೇರ್ ಮಾಡಿದರೆ ಸಾಲದು. ಮೂಲ ಖಾತೆ ಹೋದರೆ ಶೇರ್ ಮಾಡಿದ್ದೂ ಹೋಗುತ್ತೆ.

ಮರೆತುಹೋಗುವುದು ಇನ್ನೊಂದಿದೆ. ಲಿಂಕ್ಡ್‌ಇನ್, ಗಿಟ್‌ಹಬ್, ಆನ್‌ಲೈನ್ ಕೋರ್ಸ್‌ಗಳಿಗೆ ಕಾಲೇಜು ಮೇಲ್‌ನಿಂದಲೇ ಸೇರಿರುತ್ತೀರಿ. ಪಾಸ್‌ವರ್ಡ್ ಮರೆತರೆ ಓಟಿಪಿ ಹೋಗುವುದು ಮುಚ್ಚಿದ ಮೇಲ್‌ಗೆ. ಒಂದೊಂದಾಗಿ ಹೋಗಿ ಸ್ವಂತ ಮೇಲ್‌ಗೆ ಬದಲಾಯಿಸಿ. ಸ್ವಂತ ಜಿಮೇಲ್‌ನಲ್ಲಿ ಜಾಗ ಎಷ್ಟಿದೆ ಅಂತಲೂ ನೋಡಿ. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೊ ಮೂರೂ ಸೇರಿವೆ. ಸೆಂಡಾಫ್ ವಿಡಿಯೊಗಳಿಂದ ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಂತುಬಿಡುತ್ತೆ. ಕೆಲಸದ ಕರೆ ಬರುವ ಹೊತ್ತಿಗೆ ಹಾಗಾದರೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಮತ್ತು ಅಡ್ಡಹೆಸರು. ಡಿಜಿಲಾಕರ್ ನನ್ನ ಅಂಕಪಟ್ಟಿ ಕೊಡ್ತಿಲ್ಲ. ಯಾವುದನ್ನು ತಿದ್ದಿಸಲಿ?
– ಹಾವೇರಿ

ಉತ್ತರ: ನಮ್ಮ ಕಡೆ ಅಡ್ಡಹೆಸರು ಒಬ್ಬರಿಗೂ ಒಂದೇ ಥರ ಬರೆದಿರಲ್ಲ, ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಬರೆದವರ ಮರ್ಜಿ. ತಿದ್ದಿಸುವುದಾದರೆ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ. ಮುಂದಿನ ಎಲ್ಲ ಕಡೆ ಕೇಳುವ ದಾಖಲೆ ಎಸ್‌ಎಸ್‌ಎಲ್‌ಸಿಯದ್ದೇ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ, ಹಾಗಾಗಿ ಕೇಂದ್ರದಲ್ಲಿ ಟೈಪ್ ಮಾಡುವಾಗ ಪರದೆ ನೋಡಿ ಅಕ್ಷರ ಅಕ್ಷರ ಓದಿ ಆಮೇಲೆ ಹೂಂ ಅನ್ನಿ. ಪದವಿ ಪ್ರಮಾಣಪತ್ರ ಪ್ರಿಂಟ್ ಆಗುವ ಮುಂಚೆ ವಿಶ್ವವಿದ್ಯಾಲಯದ ದಾಖಲೆಯಲ್ಲೂ ಹೆಸರು ನೋಡಿಕೊಳ್ಳಿ, ಪ್ರಿಂಟ್ ಆದಮೇಲೆ ತಿದ್ದಿಸುವ ಓಡಾಟ ಬೇರೆಯೇ.

ಪ್ರಶ್ನೆ: ಪ್ರಾಜೆಕ್ಟ್ ರಿಪೋರ್ಟ್ ಚಾಟ್‌ಜಿಪಿಟಿಯಿಂದ ಬರೆಸಿದರೆ ಸಿಕ್ಕಿಹಾಕಿಕೊಳ್ತೀವಾ?
– ಹೆಸರು ಬೇಡ, ಗದಗ

ಉತ್ತರ: ಸಾಫ್ಟ್‌ವೇರ್ ಹಿಡಿಯುತ್ತೋ ಇಲ್ವೋ, ವೈವಾದಲ್ಲಿ ಸಿಕ್ಕಿಬೀಳ್ತೀರಿ. "ಈ ಪುಸ್ತಕ ಎಲ್ಲಿ ಓದಿದ್ರಿ?" ಅಂತ ಒಂದೇ ಪ್ರಶ್ನೆ ಸಾಕು. ಚಾಟ್‌ಜಿಪಿಟಿ ಎಲ್ಲೂ ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಬರೆಯುತ್ತೆ. ನಕಲಿನ ಬಗ್ಗೆ ಯುಜಿಸಿಯ 2018ರ ನಿಯಮವೂ ಇದೆ. ಪ್ರಬಂಧದಲ್ಲಿ ಹೋಲಿಕೆ 10% ದಾಟಿದರೆ ತಿದ್ದಿ ಮತ್ತೆ ಕೊಡಬೇಕು, 60% ದಾಟಿದರೆ ನೋಂದಣಿಯೇ ರದ್ದಾಗಬಹುದು. ನೀವೇ ಬರೆದದ್ದರ ವ್ಯಾಕರಣ ನೋಡಿಸಿಕೊಳ್ಳಲು, ತಿಳಿಯದ ವಿಷಯ ಬಿಡಿಸಿ ಕೇಳಲು ಬಳಸಿ. ಅದಕ್ಕೂ ಮೊದಲು ಗೈಡ್‌ಗೆ ಒಂದು ಮಾತು ಕೇಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಮೊಬೈಲ್ ಹೋಯ್ತು. ಫೋನ್‌ಪೇ, ಹಾಲ್ ಟಿಕೆಟ್, ಎಲ್ಲ ಅದರಲ್ಲೇ. ಹೊಸ ಫೋನ್ ಯಾವುದು ಒಳ್ಳೇದು?
– ನವಲಗುಂದ

ಉತ್ತರ: ಫೋನ್ ಆಮೇಲೆ. ಮೊದಲು ಬ್ಯಾಂಕಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಳೇ ನಂಬರ್‌ನದ್ದೇ ಡುಪ್ಲಿಕೇಟ್ ಸಿಮ್ ತಗೊಳ್ಳಿ. ಮೊದಲ 24 ಗಂಟೆ ಎಸ್‌ಎಂಎಸ್ ಬರದೇ ಇರಬಹುದು, ಗಾಬರಿ ಬೇಡ. ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ಅನ್ನುವ ವಿಭಾಗದಲ್ಲಿ ಫೋನ್ ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ, ಅಂದರೆ ಆ ಫೋನಿನದ್ದೇ 15 ಅಂಕಿಯ ಗುರುತಿನ ನಂಬರ್ ಬೇಕು. ಫೋನ್ ತಗೊಂಡ ಡಬ್ಬಿ ಮನೆಯ ಅಟ್ಟದ ಮೇಲೆ ಇದ್ದರೆ ಅದರ ಪಕ್ಕದಲ್ಲಿ ಅಚ್ಚಾಗಿರುತ್ತೆ, ಇಲ್ಲಾಂದರೆ ಬಿಲ್ ನೋಡಿ. ಬ್ಲಾಕ್ ಆದಮೇಲೆ ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತೆ. ಹೀಗೆ ಫೋನ್ ವಾಪಸ್ ಸಿಕ್ಕವರೂ ಇದ್ದಾರೆ, ಹಾಗಾಗಿ ಹೊಸದಕ್ಕೆ ಅವಸರ ಮಾಡಬೇಡಿ, ಸದ್ಯಕ್ಕೆ ಮನೆಯ ಹಳೇ ಫೋನ್ ಒಂದಕ್ಕೆ ಸಿಮ್ ಹಾಕಿ. ಹಾಲ್ ಟಿಕೆಟ್ ನಿಮ್ಮ ಲಾಗಿನ್‌ನಿಂದ ಮತ್ತೆ ಡೌನ್‌ಲೋಡ್ ಆಗುತ್ತೆ. ಲಾಗಿನ್ ಆಗದಿದ್ದರೆ ಪರೀಕ್ಷೆಯ ಹಿಂದಿನ ದಿನದವರೆಗೂ ಕಾಯದೆ ನಾಳೆ ಬೆಳಿಗ್ಗೆಯೇ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ.