ಕುಡಿತ ಬಿಟ್ಟು ಬಂದ ತಂಗಿ, ಹತ್ತಿರ ಬಾರದ ಮಗ: ತರಬೇತಿಗೆ ಕಳಿಸಬೇಕೇ?

ತಂಗಿ ಕುಡಿತದ ಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದಾರೆ, ಆರು ವರ್ಷದ ಮಗ ಅಜ್ಜಿಯ ಸೆರಗು ಬಿಡುತ್ತಿಲ್ಲ, ಅವನು ಹಟ ಹಿಡಿದರೆ ತಂಗಿಗೆ ಕೈ ನಡುಗುವಷ್ಟು ಸಿಟ್ಟು ಬರುತ್ತದೆ, ಮಕ್ಕಳನ್ನು ಬೆಳೆಸುವ ತರಬೇತಿಗೆ ಕಳಿಸಬೇಕೇ ಎಂದು ಕೇಳಿದ್ದೀರಿ. ಕಳಿಸಿ. ಆದರೆ ಅದು ಎಂಥ ತರಬೇತಿ ಎಂದು ಮೊದಲು ವಿಚಾರಿಸಿ.

ವ್ಯಸನದಿಂದ ಹೊರಬರುತ್ತಿರುವ ತಾಯಂದಿರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಇವರಲ್ಲಿ ಬಹಳ ಮಂದಿ ಚಿಕ್ಕವರಿದ್ದಾಗಲೇ ಹೊಡೆತ, ದೌರ್ಜನ್ಯ, ಅಪ್ಪನ ಕುಡಿತ ಎಲ್ಲ ಕಂಡವರು. ಮಗು ಕಿರುಚಿದ ಕೂಡಲೇ ಅವರ ಮೈಗೆ ಆ ಹಳೆಯ ಭಯ ಹತ್ತಿಕೊಳ್ಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಸಂಕಟವನ್ನು ಇಷ್ಟು ದಿನ ಅಡಗಿಸಿಟ್ಟಿದ್ದು ಕುಡಿತ. ಈಗ ಅದೂ ಇಲ್ಲ. ಅಂಥ ಹೊತ್ತಿನಲ್ಲಿ 'ಹೀಗೆ ಮಾಡು, ಹಾಗೆ ಮಾಡಬೇಡ' ಎಂಬ ಪಾಠ ತಲೆಗೆ ಹತ್ತುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನ್ಯಾನ್ಸಿ ಸುಚ್‌ಮನ್ ಇಂಥ ತಾಯಂದಿರಿಗೆಂದೇ 12 ವಾರಗಳ ಚಿಕಿತ್ಸಾಕ್ರಮ ರೂಪಿಸಿದರು. ಅಲ್ಲಿ ಮೊದಲು ತಾಯಿಯ ಸಂಕಟ ಕೇಳುತ್ತಾರೆ, ಆಮೇಲೆ ಮಗುವಿನದು. ಅವನು ಚೀರಿದಾಗ ನಿಮ್ಮೊಳಗೆ ಏನಾಯಿತು, ಅವನೊಳಗೆ ಏನಾಗಿರಬಹುದು ಎಂದು ಜೊತೆಗೆ ಕೂತು ಯೋಚಿಸುವುದೇ ಮುಖ್ಯ ಕೆಲಸ. ಮಕ್ಕಳನ್ನು ಬೆಳೆಸುವ ಬಗ್ಗೆ ಬರೀ ತಿಳಿವಳಿಕೆ ಪಡೆದ ತಾಯಂದಿರಿಗಿಂತ ಇವರು ಮಗುವಿನ ಮನಸ್ಸನ್ನು ಚೆನ್ನಾಗಿ ಅರಿಯತೊಡಗಿದರು ಎಂದು 2017ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ.

ಮನೆಯಲ್ಲಿ ಇಷ್ಟು ಮಾಡಿ. ಸಿಟ್ಟು ನೆತ್ತಿಗೇರುವ ಮುಂಚೆ ತಂಗಿ ಮಗನನ್ನು ಅಜ್ಜಿಗೆ ಒಪ್ಪಿಸಿ, ಮುಖಕ್ಕೆ ತಣ್ಣೀರು ಹಾಕಿಕೊಂಡು ಬರಲಿ. ಕೂಗಾಡಿಬಿಟ್ಟಿದ್ದರೆ, ಸಮಾಧಾನವಾದ ಮೇಲೆ ಅವನ ಹತ್ತಿರ ಕೂತು 'ಅಮ್ಮ ಕೂಗಿಬಿಟ್ಟೆ, ಹೆದರಿಕೆ ಆಯ್ತಲ್ವಾ? ತಪ್ಪು ನಿಂದಲ್ಲ ಪುಟ್ಟಾ' ಅನ್ನಲಿ. ತಪ್ಪಿದ್ದನ್ನು ಹೀಗೆ ಸರಿಪಡಿಸುವುದರಲ್ಲೇ ನಂಟು ಬೆಳೆಯುತ್ತದೆ. ಚೆನ್ನಾಗಿರುವ ತಾಯಿ-ಕೂಸಿನ ನಡುವೆಯೂ ತಾಳ ಕೂಡಿರುವುದು ಸುಮಾರು ಶೇ 30ರಷ್ಟು ಹೊತ್ತು ಮಾತ್ರ ಎಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಕಂಡುಕೊಂಡಿದ್ದರು. ಇದನ್ನು ಹೇಳಿದಾಗ ಬಿಕ್ಕಿ ಅತ್ತ ತಾಯಂದಿರಿದ್ದಾರೆ. 'ಕೆಟ್ಟ ತಾಯಿ' ಎಂಬ ಮಾತನ್ನು ಅವರು ಅಷ್ಟು ಕೇಳಿರುತ್ತಾರೆ.

'ಇನ್ನೊಮ್ಮೆ ಕುಡಿದರೆ ಮಗನ ಮುಖ ನೋಡಬೇಡ' ಎಂದು ಯಾರೂ ಹೆದರಿಸಬೇಡಿ. ಅವಮಾನವಾದಷ್ಟೂ ಜನ ಕದ್ದು ಕುಡಿಯುತ್ತಾರೆ. ಹಾಗೆಂದು ಮಗುವಿನ ಸುರಕ್ಷತೆಯನ್ನು ದೇವರ ಮೇಲೆ ಬಿಡಲಾಗದು. ಒಂದು ವೇಳೆ ಕುಡಿದರೆ ಆ ರಾತ್ರಿ ಮಗ ಯಾರ ಹತ್ತಿರ ಮಲಗಬೇಕು, ತಂಗಿ ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅವರನ್ನೂ ಕೂರಿಸಿಕೊಂಡೇ ಈಗ ತೀರ್ಮಾನಿಸಿ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ತೋರಿಸಿ. ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು-ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.