ಮೈಕ್ರೋಕಾರ್ಗ್‌ನಲ್ಲಿ ನಮ್ಮದೇ ಸೌಂಡ್ ಮಾಡಬಹುದಾ, ಇಲ್ಲ ಕಂಪನಿ ಕೊಟ್ಟ ಪ್ರೀಸೆಟ್ ಅಷ್ಟೇನಾ?

ಸೆಕೆಂಡ್ ಹ್ಯಾಂಡ್ ಮೈಕ್ರೋಕಾರ್ಗ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಪುಟ್ಟ ಕೀಬೋರ್ಡ್, ಅಂದರೆ ಸಿಂಥ್) ಸಿಗುತ್ತಿದೆ, ಆದರೆ ಎಡಿಟ್ ಮಾಡಲು ಐದೇ ನಾಬ್ ಇವೆ, ಇದರಲ್ಲಿ ಸ್ವಂತ ಸೌಂಡ್ ಕಟ್ಟಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಟ್ಟಬಹುದು. ನನಗೆ ಸಿಂಥ್ ಅಂದರೆ ಏನು ಅಂತ ಕಲಿಸಿದ್ದೇ ಈ ಪುಟ್ಟ ಪೆಟ್ಟಿಗೆ.

ಕಾರ್ಗ್ ಕಂಪನಿ ಇದನ್ನು 2002ರಲ್ಲಿ ತಂದಿತು. ಒಳಗಿನ ಇಂಜಿನ್ ಬಹುಮಟ್ಟಿಗೆ ಅದಕ್ಕೂ ಹಿಂದಿನ ಎಂಎಸ್2000 ಸಿಂಥ್‌ನದು. ಅದರ ಪ್ಯಾನೆಲ್ ತುಂಬಾ ನಾಬ್‌ಗಳಿದ್ದವು. ಇಲ್ಲಿ ಆ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಪ್ಯಾನೆಲ್ ಮೇಲೆ ಅಚ್ಚಾದ ಪಟ್ಟಿಯಲ್ಲಿವೆ. ಡಯಲ್ ತಿರುಗಿಸಿ ಒಂದು ಸಾಲು ಆರಿಸಿದರೆ ಐದು ನಾಬ್‌ಗಳೂ ಆ ಸಾಲಿನ ಕೆಲಸ ಮಾಡುತ್ತವೆ. ಶುರುವಿನಲ್ಲಿ ನಿಧಾನ ಅನಿಸುತ್ತದೆ. ಆಮೇಲೆ ಕೈಗೆ ತಾನೇ ರೂಢಿಯಾಗುತ್ತದೆ.

ಸದ್ದು ಹುಟ್ಟಿಸುವ ಎರಡು ಆಸಿಲೇಟರ್ ಇವೆ. ಮೊದಲನೆಯದರಲ್ಲಿ ಸಾ (ಗರಗಸದ ಹಲ್ಲಿನಾಕಾರದ), ಸ್ಕ್ವೇರ್, ಟ್ರಯಾಂಗಲ್, ಸೈನ್ ಅಲೆಗಳ ಜೊತೆಗೆ 64 ಡಿಡಬ್ಲ್ಯುಜಿಎಸ್ (ಕಾರ್ಗ್‌ನ ಸಿದ್ಧ ಡಿಜಿಟಲ್) ಅಲೆಗಳೂ ಸಿಗುತ್ತವೆ. ಗಂಟೆ, ಆರ್ಗನ್ ಥರದ ಸದ್ದಿಗೆ ಇವು ಬಹಳ ಚೆನ್ನ. ಹೆಚ್ಚಿನವರು ಅಲೆ ಆರಿಸಿ ಮುಂದೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಪಕ್ಕದ 'ಕಂಟ್ರೋಲ್ 1' ತಿರುಗಿಸಿ ನೋಡಿ. ಸ್ಕ್ವೇರ್ ಇದ್ದರೆ ಪಲ್ಸ್ ಅಗಲ, ಅಂದರೆ ಅಲೆಯ ಆಕಾರ, ಬದಲಾಗುತ್ತದೆ. ಸೈನ್ ಇದ್ದರೆ ಎರಡನೇ ಆಸಿಲೇಟರ್ ಮೊದಲನೆಯದನ್ನು ಅಲುಗಾಡಿಸಿ ಲೋಹದ ಸದ್ದು ಬರಿಸುತ್ತದೆ.

ಸದ್ದನ್ನು ಸೋಸುವ ಫಿಲ್ಟರ್ ನಾಲ್ಕು ಬಗೆ: 24 ಡೆಸಿಬೆಲ್ ಮತ್ತು 12 ಡೆಸಿಬೆಲ್ ಲೋ ಪಾಸ್ (ತಗ್ಗಿನ ಸದ್ದು ಬಿಡುವುದು), ಬ್ಯಾಂಡ್ ಪಾಸ್ (ನಡುವಿನದು), ಹೈ ಪಾಸ್ (ಎತ್ತರದ್ದು). ಬೇಸ್‌ಗೆ (ತಗ್ಗಿನ ಸ್ವರದ ಸೌಂಡ್) ಮೊದಲನೆಯದೇ ಸಾಕು.

ನಿಜವಾದ ಮಜಾ ಇರುವುದು ವರ್ಚುವಲ್ ಪ್ಯಾಚ್‌ನಲ್ಲಿ. ಯಾವುದು ಯಾವುದನ್ನು ಕುಣಿಸಬೇಕು ಅಂತ ನೀವೇ ಹೇಳುವ ನಾಲ್ಕು ಕೊಂಡಿಗಳಿವು. ಎರಡನೇ ಆಸಿಲೇಟರನ್ನು ಸಿಂಕ್‌ಗೆ (ಮೊದಲನೆಯದರ ಲಯಕ್ಕೆ ಕಟ್ಟುವುದು) ಹಾಕಿ, ಇಜಿ 1 (ಕೀ ಒತ್ತಿದಾಗ ಏರಿ ಇಳಿಯುವ ಸಂಕೇತ) ಅನ್ನು ಅದರ ಪಿಚ್‌ಗೆ ಜೋಡಿಸಿ. ಕೀ ಒತ್ತಿದಾಗಲೆಲ್ಲ ಬಟ್ಟೆ ಹರಿದ ಹಾಗೆ ಒರಟಾದ ಸ್ವರ ಎದ್ದು ಬರುತ್ತದೆ. ವೆಲಾಸಿಟಿಯನ್ನು (ಕೀ ಒತ್ತುವ ಜೋರು) ಕಟಾಫ್‌ಗೆ (ಫಿಲ್ಟರ್ ಸೋಸಲು ಶುರು ಮಾಡುವ ಮಟ್ಟ) ಕೊಡಿ, ಜೋರಾಗಿ ಒತ್ತಿದರೆ ಸದ್ದು ತೆರೆದುಕೊಳ್ಳುತ್ತದೆ. ಎಲ್‌ಎಫ್‌ಒ 2 (ನಿಧಾನವಾಗಿ ಅಲುಗಾಡಿಸುವ ಆಸಿಲೇಟರ್) ಅನ್ನು ಸ್ಯಾಂಪಲ್ ಅಂಡ್ ಹೋಲ್ಡ್‌ಗೆ (ಅಡ್ಡಾದಿಡ್ಡಿಯಾಗಿ ಜಿಗಿಯುವ ಬಗೆ) ಇಟ್ಟು ಕಂಟ್ರೋಲ್ 1ಕ್ಕೆ ಕೊಟ್ಟರೆ ಸ್ವರದ ಬಣ್ಣ ಹೆಜ್ಜೆ ಹೆಜ್ಜೆಗೂ ಬೇರೆಯಾಗುತ್ತದೆ. ಒಂದೇ ಪ್ಯಾಡ್ (ಮೆಲ್ಲಗೆ ಎದ್ದು ಉದ್ದಕ್ಕೆ ನಿಲ್ಲುವ) ಸೌಂಡ್ ಇಟ್ಟುಕೊಂಡು ಈ ನಾಲ್ಕು ಕೊಂಡಿಗಳನ್ನೇ ಬದಲಾಯಿಸುತ್ತಾ ಹೋಗಿ, ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಸಂಗೀತ ನುಡಿಸುವ ಆಸೆ ಇದ್ದರೆ ವಾಯ್ಸ್ ಸಾಲಿನಲ್ಲಿ ಮೋನೋ (ಒಮ್ಮೆಗೆ ಒಂದೇ ಸ್ವರ) ಮಾಡಿ, ಸ್ವಲ್ಪ ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವುದು) ಸೇರಿಸಿ. ಜಾರು ಚೆನ್ನಾಗಿ ಬರುತ್ತದೆ. ಉಳಿದ ಗಮಕಕ್ಕೆ ಪಿಚ್ ವೀಲ್ ಮೇಲೆ ಕೈ ಪಳಗಬೇಕು.

ಮೈಕ್‌ನ ಮಾತನ್ನು ಸಿಂಥ್ ಸದ್ದಾಗಿಸುವ ವೋಕೋಡರ್‌ನಲ್ಲಿ ಕನ್ನಡ ಮಾತಾಡಿಸಿ ನೋಡಲೇಬೇಕು. ಮಾತನ್ನು ಒಡೆದು ಹಂಚುವ ಬ್ಯಾಂಡ್ ಎಂಟೇ ಇರುವುದರಿಂದ 'ಸ', 'ಶ' ಸ್ವಲ್ಪ ಮಂಕಾಗುತ್ತವೆ. ಎಚ್‌ಪಿಎಫ್ (ಹೈ ಪಾಸ್ ಫಿಲ್ಟರ್) ಲೆವೆಲ್ ಏರಿಸಿದರೆ ಸ್ಪಷ್ಟವಾಗುತ್ತವೆ.

ಕೊರತೆ ಅಂದರೆ ವಾಯ್ಸ್ ನಾಲ್ಕೇ, ಒಮ್ಮೆಗೆ ನಾಲ್ಕೇ ಸ್ವರ ನುಡಿಯುತ್ತವೆ. ಎರಡು ಟಿಂಬರ್ (ಒಂದರ ಮೇಲೊಂದು ಎರಡು ಸೌಂಡ್) ಸೇರಿಸಿದರೆ ಒಟ್ಟಿಗೆ ಎರಡೇ ಸ್ವರ. ಉದ್ದ ರಿಲೀಸ್ (ಕೀ ಬಿಟ್ಟ ಮೇಲೂ ಉಳಿಯುವ ಸದ್ದು) ಇಟ್ಟು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಬದಲಿಸಿದರೆ ಹಳೆಯ ಸ್ವರ ತಟ್ಟನೆ ನಿಲ್ಲುತ್ತದೆ. 37 ಕೀಗಳೂ ಚಿಕ್ಕವು, ಪಿಯಾನೋ ಅಭ್ಯಾಸ ಇದ್ದವರಿಗೆ ಕಿರಿಕಿರಿ. ದೊಡ್ಡ ಕಾರ್ಡ್‌ಗಳೇ ನಿಮ್ಮ ಸಂಗೀತ ಆಗಿದ್ದರೆ ಬೇರೆ ಸಿಂಥ್ ನೋಡಿ. ಬೇಸ್, ಲೀಡ್ (ಮುಖ್ಯ ರಾಗದ ಸೌಂಡ್), ಆರ್ಪೆಜಿಯೋ (ಒಂದೊಂದೇ ಸ್ವರವಾಗಿ ನುಡಿಯುವ ಕಾರ್ಡ್) ಬೇಕಿದ್ದರೆ ಧೈರ್ಯವಾಗಿ ತಗೊಳ್ಳಿ.

ತಂದ ಮೇಲೆ ಒಂದು ಪ್ರೋಗ್ರಾಮ್ (ಸೌಂಡ್ ಉಳಿಸುವ ಜಾಗ) ಇನಿಶಿಯಲೈಸ್ ಮಾಡಿ, ಅಂದರೆ ಮೂಲ ಸ್ಥಿತಿಗೆ ತಂದು, ಬರೀ ಸಾ ಅಲೆಯಿಂದ ಶುರು ಮಾಡಿ. ಇಷ್ಟವಾದ ಸೌಂಡ್ ಸಿಕ್ಕಿದರೆ ರೈಟ್ ಪ್ರೊಟೆಕ್ಟ್ (ಸೇವ್ ಆಗದಂತೆ ತಡೆಯುವ ಬೀಗ) ತೆಗೆದು ರೈಟ್ ಬಟನ್ ಒತ್ತಿ ಸೇವ್ ಮಾಡಿ. ಸೇವ್ ಮಾಡದೆ ಬೇರೆ ಪ್ರೋಗ್ರಾಮ್‌ಗೆ ಹೋದರೆ ಅದು ಅಳಿಸಿಹೋಗುತ್ತದೆ.